ಇಳಿಯದೆ ಮರಳುವ ಹಕ್ಕು

ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ದುಡಿದವರಿಗೆ ಗಾಳಿ ಎಂದರೆ ಮೈಗೆ ತಾಗುವ ಮುಂಚೆ ಕಣ್ಣಿಗೆ ಬೀಳುವ ಅಂಕಿ. ರನ್‌ವೇ ಬದಿಯಲ್ಲಿ 10 ಮೀಟರ್ ಎತ್ತರದ ಕಂಬ, ಅದರ ತುದಿಯಲ್ಲಿ ಗಿರ್ರನೆ ಸುತ್ತುವ ಬಟ್ಟಲುಗಳು, ಪಕ್ಕದಲ್ಲೇ ದಿಕ್ಕು ತೋರಿಸುವ ಬಾಣ. ಅಲ್ಲಿಂದ ಬಂದ ಲೆಕ್ಕವನ್ನು ಅರ್ಧ ಗಂಟೆಗೊಮ್ಮೆ ಮೆಟಾರ್ ವರದಿಯಾಗಿ ಕಳಿಸುವುದು ನಮ್ಮ ಕೆಲಸ. ಆ ವರದಿಯಲ್ಲಿ ಕಾಣುವ ವೇಗ 10 ನಿಮಿಷದ ಸರಾಸರಿ. ಟವರಿನವರು ಇಳಿಯಲು ಬರುತ್ತಿರುವ ಪೈಲಟ್‌ಗೆ ಓದಿ ಹೇಳುವ ವೇಗ 2 ನಿಮಿಷದ ಸರಾಸರಿ. ಗಸ್ಟ್, ಅಂದರೆ ದಿಢೀರನೆ ಏಳುವ ಬಿರುಬೀಸು, ಸರಾಸರಿಗಿಂತ 10 ನಾಟ್‌ನಷ್ಟಾದರೂ ಮೇಲೇರಿದರೆ ಮಾತ್ರ ಅದಕ್ಕೆ ವರದಿಯಲ್ಲಿ ಜಾಗ. ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ಕೆಲಸದಿಂದ ದೂರ ಸರಿದು ಆ ವರ್ಷಗಳನ್ನು ನೆನೆಯುವಾಗ ನನಗೆ ಮತ್ತೆ ಮತ್ತೆ ಹೊಳೆಯುವುದು ಇಷ್ಟು: ನಾವು ಎಷ್ಟೇ ನಿಷ್ಠೆಯಿಂದ ಅಳೆದು ಕೊಟ್ಟರೂ ಅದು ಆಗಲೇ ಬೀಸಿ ಹೋದ ಗಾಳಿಯ ಸುದ್ದಿ. ವಿಮಾನ ನೆಲ ಮುಟ್ಟುವ ಆ ಕೆಲವು ಸೆಕೆಂಡುಗಳಲ್ಲಿ ರೆಕ್ಕೆಯ ಕೆಳಗೆ ಏನು ಬೀಸುತ್ತದೆ ಎಂದು ಯಾವ ಕಂಬವೂ ಮುಂಚಿತವಾಗಿ ಹೇಳಲಾರದು. ಆ ಅಂತರವನ್ನು ತುಂಬಬೇಕಾದವರು ಕ್ಯಾಪ್ಟನ್. ಜೋರು ಗಾಳಿಯಲ್ಲಿ ಅವರು ಮಾಡುವ ಅತಿ ದೊಡ್ಡ ಕೆಲಸ, ಈಗ ಇಳಿಯಬಾರದು ಎಂದು ಸಮಯ ಮೀರುವ ಮೊದಲೇ ತೀರ್ಮಾನಿಸುವುದು. ಆ ತೀರ್ಮಾನವನ್ನು ಅವರ ಎದೆಗಾರಿಕೆಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಅದನ್ನು ಸಲೀಸು ಮಾಡುವವರೂ ಕಷ್ಟ ಮಾಡುವವರೂ ನೆಲದ ಮೇಲಿರುವ ನಾವೇ. ಈ ಬರಹದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ.

ನನ್ನ ಕಾಲದಲ್ಲಿ ಪೈಲಟ್‌ಗಳು ಹಾರಾಟಕ್ಕೆ ಮುಂಚೆ ಬ್ರೀಫಿಂಗ್ ಕೌಂಟರಿಗೆ ಬಂದು ಹವಾಮಾನದ ಕಾಗದಗಳನ್ನು ಕೈಯಾರೆ ತೆಗೆದುಕೊಂಡು ಹೋಗುತ್ತಿದ್ದರು. ಈಗ ಎಲ್ಲವೂ ಟ್ಯಾಬ್‌ಗೆ ಬರುತ್ತದೆ. ಗಾಳಿಯ ವೇಗ ಎಷ್ಟು ಎಂದಷ್ಟೇ ಕೇಳಿ ಹೋಗುವವರು ಆಗ ಕೌಂಟರಿಗೆ ಬರುತ್ತಿದ್ದವರಲ್ಲಿ ಕಡಿಮೆಯಿದ್ದರು. ದಿಕ್ಕು ಎಷ್ಟು ಹೊರಳಾಡುತ್ತಿದೆ, ಕಳೆದ ಒಂದು ಗಂಟೆಯಲ್ಲಿ ಹೇಗಿತ್ತು ಎಂಬುದೇ ಅವರಿಗೆ ಹೆಚ್ಚು ಬೇಕಾಗಿದ್ದ ವಿಷಯ. ಅದಕ್ಕೆ ಕಾರಣ ಸರಳ ಲೆಕ್ಕ. ರನ್‌ವೇ ನೇರ ಪಶ್ಚಿಮಕ್ಕೆ, ಅಂದರೆ 270 ಡಿಗ್ರಿಗೆ ಮುಖ ಮಾಡಿದೆ ಎಂದುಕೊಳ್ಳಿ. ಗಾಳಿ 300 ಡಿಗ್ರಿಯಿಂದ 30 ನಾಟ್ ವೇಗದಲ್ಲಿ ಬೀಸಿದರೆ ಅದರಲ್ಲಿ ಅಡ್ಡಗಾಳಿಯ ಪಾಲು ಅರ್ಧ, ಅಂದರೆ 15 ನಾಟ್. ವೇಗ ಹಾಗೇ ಇದ್ದು ದಿಕ್ಕು 330ಕ್ಕೆ ಹೊರಳಿದರೆ ಅಡ್ಡಗಾಳಿ 26 ನಾಟ್ ಆಗುತ್ತದೆ. ಅಂಕಿಯಲ್ಲಿ ವೇಗ ಒಂದಿಷ್ಟೂ ಏರಿಲ್ಲ, ಕಾಕ್‌ಪಿಟ್‌ನಲ್ಲಿ ಕುಳಿತವರ ಕೆಲಸ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗಿದೆ. ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣದ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ದೇವನಹಳ್ಳಿ ನಿಲ್ದಾಣದ ಎರಡು ರನ್‌ವೇಗಳೂ ಅದೇ ದಿಕ್ಕಿನಲ್ಲಿ ಅಕ್ಕಪಕ್ಕ ಮಲಗಿವೆ. ಮುಂಗಾರಿನ ಪಶ್ಚಿಮದ ಗಾಳಿಗೂ ಹಿಂಗಾರಿನ ಕಾಲದ ಪೂರ್ವದ ಗಾಳಿಗೂ ಇದು ಹೇಳಿ ಮಾಡಿಸಿದ ಜೋಡಣೆ. ಆದರೆ ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗುಮೋಡ ಕಟ್ಟಿದಾಗ ಗಾಳಿ ಯಾವ ದಿಕ್ಕಿನಿಂದ ನುಗ್ಗುತ್ತದೆ ಎಂಬ ನಿಯಮವಿಲ್ಲ. ಆಗ ಎರಡು ರನ್‌ವೇ ಇದ್ದರೂ ಗಾಳಿಯ ಮಟ್ಟಿಗೆ ಒಂದೇ. ಕ್ಯಾಪ್ಟನ್ ಮುಂದೆ ಉಳಿಯುವ ದಾರಿಗಳು ಮೂರು: ಆಕಾಶದಲ್ಲೇ ಸುತ್ತುತ್ತ ಕಾಯುವುದು, ಚೆನ್ನೈಗೋ ಹೈದರಾಬಾದಿಗೋ ತಿರುಗುವುದು, ಇಲ್ಲವೇ ಇಳಿಯಲು ನೋಡುವುದು. ಮೊದಲ ಎರಡಕ್ಕೆ ಟ್ಯಾಂಕಿನಲ್ಲಿ ಇಂಧನ ಬೇಕು, ನೆಲದಲ್ಲಿ ಅದನ್ನು ಒಪ್ಪುವ ಮನಸ್ಸು ಬೇಕು.

ಇದಕ್ಕೆಲ್ಲ ಮಿತಿ ಎಂಬುದಿಲ್ಲವೇ, ಅಂಕಿ ದಾಟಿದರೆ ಇಳಿಯಬೇಡ, ದಾಟದಿದ್ದರೆ ಇಳಿ ಎಂದು ಬರೆದಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಮಿತಿ ಇದೆ. ಹಿಂದಿನಿಂದ ಬೀಸುವ ಗಾಳಿಗೆ ಬಹುತೇಕ ಪ್ರಯಾಣಿಕ ವಿಮಾನಗಳಲ್ಲಿ 10 ನಾಟ್, ಕೆಲವದರಲ್ಲಿ 15 ನಾಟ್ ಎಂಬ ಗಟ್ಟಿ ಗೆರೆ ಉಂಟು. ಅಡ್ಡಗಾಳಿಯ ಕಥೆ ಬೇರೆ. ಹೊಸ ಮಾದರಿಯ ವಿಮಾನಕ್ಕೆ ಪರವಾನಗಿ ಕೊಡುವ ಮುನ್ನ ಪರೀಕ್ಷಾ ಪೈಲಟ್‌ಗಳು ಅದನ್ನು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸುತ್ತಾರೆ. ಹಾಗೆ ತೋರಿಸಿದ ಗಾಳಿಯ ಗರಿಷ್ಠ ವೇಗ ಕೈಪಿಡಿಯಲ್ಲಿ ಅಚ್ಚಾಗುತ್ತದೆ. ಏರ್‌ಬಸ್ ಎ320ರ ಕೈಪಿಡಿಯಲ್ಲಿ ಇಳಿಯುವಾಗಿನ ಈ ಅಂಕಿ 33 ನಾಟ್, ಗಸ್ಟ್ ಸೇರಿ 38. ಅಷ್ಟು ಗಾಳಿಯಲ್ಲಿ ಒಮ್ಮೆ ಸುರಕ್ಷಿತವಾಗಿ ಇಳಿಸಲಾಯಿತು ಎಂಬುದಕ್ಕೆ ಅದು ಸಾಕ್ಷಿ. ಅದಕ್ಕಿಂತ ಒಂದು ನಾಟ್ ಹೆಚ್ಚಾದರೆ ವಿಮಾನ ಉರುಳುತ್ತದೆ ಎಂದಾಗಲಿ, ಒಂದು ನಾಟ್ ಕಡಿಮೆಯಿದ್ದರೆ ಭಯವಿಲ್ಲ ಎಂದಾಗಲಿ ಅದು ಹೇಳುವುದಿಲ್ಲ. ಪರೀಕ್ಷಾ ಪೈಲಟ್‌ಗೆ ರನ್‌ವೇ ಒಣಗಿತ್ತೇ, ಹಗಲಿತ್ತೇ, ಮೈಯಲ್ಲಿ ದಣಿವಿತ್ತೇ ಎಂಬ ವಿವರ ಆ ಅಂಕಿಯೊಳಗೆ ಇಲ್ಲ. ಹಾಗಾಗಿ ಹಲವು ಕಂಪನಿಗಳು ಒದ್ದೆ ರನ್‌ವೇಗೆ, ಹೊಸ ಪೈಲಟ್‌ಗೆ, ಕಡಿಮೆ ಬೆಳಕಿಗೆ ಬೇರೆ ಬೇರೆ ಕಡಿಮೆ ಮಿತಿಗಳನ್ನು ಇಟ್ಟುಕೊಂಡಿವೆ. ಅಂಕಿ ಬೇಲಿ ಹಾಕಬಲ್ಲದು, ಬೇಲಿಯೊಳಗಿನ ಪ್ರತಿ ಹೆಜ್ಜೆಗೂ ಹೊಣೆ ಹೊರಲಾರದು.

2008ರ ಮಾರ್ಚ್ 1ರಂದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. ಎಮ್ಮಾ ಎಂಬ ಬಿರುಗಾಳಿ ಬೀಸುತ್ತಿದ್ದ ದಿನ ಲುಫ್ತಾನ್ಸಾದ ಎ320 ವಿಮಾನ, ದಿಕ್ಕಿನ ಡಿಗ್ರಿಯ ಮೇಲೆ ಸಂಖ್ಯೆ ಪಡೆದ 23ನೇ ರನ್‌ವೇಗೆ ಇಳಿಯಲು ಬಂತು. ಗಾಳಿ ವಾಯವ್ಯದಿಂದ, ಗಸ್ಟ್ 47 ನಾಟ್‌ವರೆಗೆ. ನೆಲಕ್ಕೆ ತಾಗುವ ಹೊತ್ತಿಗೆ ವಿಮಾನ ಎಡಕ್ಕೆ ವಾಲಿ ರೆಕ್ಕೆಯ ತುದಿ ರನ್‌ವೇಯನ್ನು ಒರೆಸಿತು. ಪೈಲಟ್‌ಗಳು ಕೂಡಲೇ ಮೇಲೇರಿಸಿ, ಎರಡನೇ ಸಲ 33ನೇ ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿಸಿದರು. ಯಾರಿಗೂ ಗಾಯವಾಗಲಿಲ್ಲ. ಆ ದೃಶ್ಯದ ವಿಡಿಯೊ ಜಗತ್ತಿನಾದ್ಯಂತ ಹರಿದಾಡಿತು, ಪೈಲಟ್‌ಗಳ ಸಾಹಸವನ್ನು ಮಾಧ್ಯಮಗಳು ಕೊಂಡಾಡಿದವು. ಎರಡು ವರ್ಷದ ಬಳಿಕ ಹೊರಬಂದ ಜರ್ಮನಿಯ ತನಿಖಾ ಸಂಸ್ಥೆ ಬಿಎಫ್‌ಯು ವರದಿ ಹಿಡಿದ ಎಳೆಯೇ ಬೇರೆ. ಪರೀಕ್ಷೆಯಲ್ಲಿ ತೋರಿಸಿಕೊಟ್ಟ ಆ ಅಡ್ಡಗಾಳಿಯ ಅಂಕಿಯನ್ನು ಕೆಲವು ಪೈಲಟ್‌ಗಳು ದಾಟಬಾರದ ಗೆರೆ ಎಂದು ತಿಳಿದರೆ, ಇನ್ನು ಕೆಲವರು ಬರಿಯ ಸಲಹೆ ಎಂದು ತಿಳಿಯುತ್ತಿದ್ದರು. ಒಂದು ಕಡೆಯ ಚಕ್ರಗಳು ನೆಲ ಮುಟ್ಟಿದ ಕೂಡಲೇ ವಿಮಾನದ ಕಂಪ್ಯೂಟರ್ ನೆಲದ ಮೇಲಿನ ಕ್ರಮಕ್ಕೆ ಬದಲಾಗಿ, ರೆಕ್ಕೆ ಎತ್ತುವ ಪೈಲಟ್ ಕೈಯ ಪರಿಣಾಮ ಕುಗ್ಗುತ್ತಿತ್ತು. ಅದು ಪೈಲಟ್‌ಗಳಿಗೆ ಗೊತ್ತಿರಬೇಕಾಗಿತ್ತು, ಆದರೆ ಕೈಪಿಡಿಯಲ್ಲಿ ಸ್ಪಷ್ಟವಾಗಿ ಇರಲಿಲ್ಲ. ಗಾಳಿಗೆ ಹೆಚ್ಚು ಎದುರಾಗಿದ್ದ 33ನೇ ರನ್‌ವೇ ಅಲ್ಲೇ ಇತ್ತು. ಈ ಮೂರೂ ಸಂಗತಿಗಳನ್ನು ಒಟ್ಟಿಗೆ ನೋಡಿ. ಕೊನೆಯ ಗಳಿಗೆಯ ಕೈಚಳಕ ಪ್ರಾಣ ಉಳಿಸಿತು, ಅದಕ್ಕೆ ನಮಸ್ಕಾರ. ಆ ಗಳಿಗೆಯೇ ಬಾರದಂತೆ ನೋಡಿಕೊಳ್ಳುವ ಅವಕಾಶ ಕೆಲವು ನಿಮಿಷ ಮೊದಲು, ಯಾವ ರನ್‌ವೇ, ಎಷ್ಟು ಗಾಳಿ ಎಂಬ ಪ್ರಶ್ನೆಗಳ ಜೊತೆಯಲ್ಲಿತ್ತು. ಯಾರೂ ವಿಡಿಯೊ ಮಾಡದ ನಿಮಿಷಗಳು ಅವು.

ಅಡ್ಡಗಾಳಿಯಾದರೂ ಗಾಳಿಚೀಲದಲ್ಲಿ ಕಣ್ಣಿಗೆ ಕಾಣುತ್ತದೆ. ಗುಡುಗುಮೋಡದ ಕೆಳಗಿನ ಗಾಳಿ ಬಹಳ ಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 1975ರ ಜೂನ್ 24ರಂದು ನ್ಯೂಯಾರ್ಕಿನ ಜೆಎಫ್‌ಕೆ ನಿಲ್ದಾಣಕ್ಕೆ ಇಳಿಯುತ್ತಿದ್ದ ಈಸ್ಟರ್ನ್ ಏರ್‌ಲೈನ್ಸ್‌ನ ಬೋಯಿಂಗ್ 727 ರನ್‌ವೇ ತಲುಪುವ ಮುಂಚೆಯೇ ದೀಪದ ಕಂಬಗಳಿಗೆ ಬಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಆ ಅಪಘಾತದ ದಾಖಲೆಗಳನ್ನು ಹಿಡಿದು ಕುಳಿತವರು ಷಿಕಾಗೊ ವಿಶ್ವವಿದ್ಯಾಲಯದ ಟೆಟ್ಸುಯಾ ಫುಜಿಟಾ, ಸುಂಟರಗಾಳಿಗಳ ಅಧ್ಯಯನದಲ್ಲಿ ದೊಡ್ಡ ಹೆಸರು. ಮೋಡದೊಳಗಿನ ತಣ್ಣನೆಯ ಗಾಳಿ ಕುಸಿದು ಬಿದ್ದು, ಅಂಗಳಕ್ಕೆ ಕೊಡ ನೀರು ಸುರಿದಾಗ ನೀರು ಸುತ್ತಲೂ ಚಿಮ್ಮುವಂತೆ ನೆಲದುದ್ದಕ್ಕೂ ಹರಡುತ್ತದೆ ಎಂದು ಅವರು ವಾದಿಸಿದರು. ಅದಕ್ಕೆ ಡೌನ್‌ಬರ್ಸ್ಟ್ ಎಂದೂ, ಅದರ ಚಿಕ್ಕ ರೂಪಕ್ಕೆ ಮೈಕ್ರೋಬರ್ಸ್ಟ್ ಎಂದೂ ಹೆಸರಿಟ್ಟರು. ಹವಾಮಾನ ತಜ್ಞರಲ್ಲೇ ಹಲವರು ಇದನ್ನು ಒಪ್ಪಲಿಲ್ಲ. 1978ರಲ್ಲಿ ಷಿಕಾಗೊ ಸುತ್ತಮುತ್ತ, 1982ರಲ್ಲಿ ಡೆನ್ವರ್ ಬಳಿ ಡಾಪ್ಲರ್ ರೇಡಾರ್ ಇಟ್ಟು ಅಳೆದ ಮೇಲೆ ಸಂಶಯ ಕರಗಿತು. ಮೈಕ್ರೋಬರ್ಸ್ಟ್ ಹರಡುವುದು 4 ಕಿಲೋಮೀಟರಿಗಿಂತ ಕಡಿಮೆ ಜಾಗದಲ್ಲಿ, ಅದರ ಆಯುಷ್ಯ ಕೆಲವೇ ನಿಮಿಷ. ಅದರೊಳಗೆ ಹೊಕ್ಕ ವಿಮಾನಕ್ಕೆ ಮೊದಲು ಎದುರುಗಾಳಿ ಸಿಗುತ್ತದೆ. ವೇಗಮಾಪಕದ ಮುಳ್ಳು ಏರುತ್ತದೆ, ವಿಮಾನ ದಾರಿ ಬಿಟ್ಟು ಮೇಲೇಳುತ್ತದೆ, ಪೈಲಟ್ ಸಹಜವಾಗಿ ಎಂಜಿನ್ ತಗ್ಗಿಸುತ್ತಾರೆ. ಮರುಗಳಿಗೆಯಲ್ಲಿ ಗಾಳಿ ಕೆಳಕ್ಕೆ ಒತ್ತುತ್ತದೆ, ಅದರ ಬೆನ್ನಲ್ಲೇ ಎದುರುಗಾಳಿ ಹೋಗಿ ಹಿಂದಿನಿಂದ ಗಾಳಿ ಬೀಸುತ್ತದೆ. ರೆಕ್ಕೆಗೆ ಆಧಾರವಾಗಿದ್ದ ವೇಗ ಒಮ್ಮೆಲೇ ಕರಗುತ್ತದೆ. ಮೊದಲಿಗೆ ಅನುಕೂಲದಂತೆ ಕಂಡದ್ದೇ ಅಪಾಯದ ಮುನ್ಸೂಚನೆ. ಕೈಯ ಅನುಭವ ಹೇಳುವುದು ಒಂದು, ಮಾಡಬೇಕಾದುದು ಅದಕ್ಕೆ ತದ್ವಿರುದ್ಧ. ಇಂಥ ಗಾಳಿಯ ಎದುರು ಎಷ್ಟೇ ಪಳಗಿದ ಕೈಯೂ ಸಾಲದಾಗುತ್ತದೆ. ಒಳಹೊಕ್ಕ ಮೇಲೆ ಗೆಲ್ಲುವುದಕ್ಕಿಂತ ಒಳಹೋಗದಿರುವುದೇ ಇಲ್ಲಿ ವಿದ್ಯೆ.

ಜೆಎಫ್‌ಕೆಯ ಆ ಮಧ್ಯಾಹ್ನದಲ್ಲಿ ಇನ್ನೊಂದು ಪಾಠವಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಅಪಘಾತಕ್ಕೆ ಕೆಲವೇ ನಿಮಿಷ ಮೊದಲು ಅದೇ ರನ್‌ವೇಯಲ್ಲಿ ಇಳಿದ ಫ್ಲೈಯಿಂಗ್ ಟೈಗರ್ ಸರಕು ವಿಮಾನದ ಕ್ಯಾಪ್ಟನ್ ಟವರಿಗೆ ಎಚ್ಚರಿಕೆ ಕೊಟ್ಟಿದ್ದರು: ಗಾಳಿ ಭೀಕರವಾಗಿ ಹೊರಳುತ್ತಿದೆ, ರನ್‌ವೇ ಬದಲಿಸಿ. ಗಾಳಿಮಾಪಕ ಮಾತ್ರ ಗಾಳಿ ರನ್‌ವೇಗೆ ನೇರವಾಗಿದೆ ಎಂದೇ ತೋರಿಸುತ್ತಿತ್ತು. ಅದರ ಹಿಂದೆ ಬಂದ ಈಸ್ಟರ್ನ್‌ನ ಇನ್ನೊಂದು ವಿಮಾನದ ಕ್ಯಾಪ್ಟನ್ ಇಳಿಯುವ ಯತ್ನ ಕೈಬಿಟ್ಟು ನೆವಾರ್ಕ್‌ಗೆ ಹೋದರು. ರನ್‌ವೇ ಬದಲಾಗಲಿಲ್ಲ, ಸಾಲು ನಿಲ್ಲಲಿಲ್ಲ. ಮಧ್ಯೆ ಬೇರೆ ವಿಮಾನಗಳು ಇಳಿದವು, ಆಮೇಲೆ ಬಂದ ಆ ಬೋಯಿಂಗ್ 727, ಅಂದರೆ ಈಸ್ಟರ್ನ್‌ನ 66ನೇ ಸಂಖ್ಯೆಯ ಹಾರಾಟ, ಸಿಕ್ಕಿಹಾಕಿಕೊಂಡಿತು. ಅಪಾಯದ ಸುಳಿವು ಸ್ಪಷ್ಟವಾಗಿದ್ದರೂ ಅದೇ ರನ್‌ವೇಯನ್ನು ಬಳಸುತ್ತ ಹೋದದ್ದು ದುರಂತಕ್ಕೆ ಕೊಡುಗೆ ನೀಡಿತು ಎಂದು ಅಮೆರಿಕದ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಟವರಿನವರನ್ನೂ ಪೈಲಟ್‌ಗಳನ್ನೂ ಸೇರಿಸಿಯೇ ಹೇಳಿತು. ನಮಗಿಂತ ಮುಂಚೆ ಹೋದ ವಿಮಾನ ಇಳಿಯಿತಲ್ಲ, ನಮಗೇನು ಎಂಬ ಮಾತು ಎಷ್ಟು ಸಹಜವೋ ಅಷ್ಟೇ ಟೊಳ್ಳು. ಐದು ನಿಮಿಷ ಬದುಕುವ ಗಾಳಿಯ ವಿಷಯದಲ್ಲಿ ಐದು ನಿಮಿಷ ಹಿಂದಿನ ಯಶಸ್ಸು ಏನನ್ನೂ ಸಾಬೀತು ಮಾಡುವುದಿಲ್ಲ. ಎಂಐಟಿಯ ಲಿಂಕನ್ ಪ್ರಯೋಗಾಲಯದವರು 1990ರ ದಶಕದಲ್ಲಿ ಡಲ್ಲಾಸ್ ನಿಲ್ದಾಣದ ರೇಡಾರ್ ದಾಖಲೆಗಳನ್ನು ಜಾಲಾಡಿದಾಗ ಇದೇ ಮನೋಧರ್ಮ ಅಂಕಿಗಳಲ್ಲಿ ಕಂಡಿತು. ನಿಲ್ದಾಣ ಹತ್ತಿರವಾದಷ್ಟೂ, ಮುಂದೆ ಇನ್ನೊಂದು ವಿಮಾನ ಹೋಗುತ್ತಿದ್ದರೆ, ವಿಳಂಬವಾಗಿದ್ದರೆ, ಕತ್ತಲಾಗಿದ್ದರೆ ಪೈಲಟ್‌ಗಳು ಗುಡುಗುಮೋಡದೊಳಗೆ ನುಗ್ಗುವುದು ಹೆಚ್ಚುತ್ತಿತ್ತು. ಇವುಗಳಲ್ಲಿ ಒಂದೂ ಗಾಳಿಯನ್ನು ಮೆತ್ತಗೆ ಮಾಡುವ ಕಾರಣವಲ್ಲ. ಎಲ್ಲವೂ ಮನಸ್ಸನ್ನು ರನ್‌ವೇ ಕಡೆಗೆ ಎಳೆಯುವ ಕಾರಣಗಳು.

ಆ ಎಳೆತ ಎಷ್ಟು ಬಲವಾದುದು ಎಂಬುದಕ್ಕೆ ಅಮೆರಿಕದ ಲಿಟಲ್ ರಾಕ್‌ನಲ್ಲಿ 1999ರ ಜೂನ್ 1ರಂದು ನಡೆದ ಅಪಘಾತವನ್ನು ನೋಡಬೇಕು. ಅಮೆರಿಕನ್ ಏರ್‌ಲೈನ್ಸ್‌ನ ಎಂಡಿ-82 ವಿಮಾನ ಡಲ್ಲಾಸ್‌ನಿಂದ ಹೊರಟಾಗಲೇ ಎರಡು ಗಂಟೆ ತಡ. ಪೈಲಟ್‌ಗಳ ಕೆಲಸದ ಅವಧಿ ಮುಗಿಯುತ್ತ ಬಂದಿತ್ತು, ಇನ್ನೂ ತಡವಾದರೆ ಹಾರಾಟವೇ ರದ್ದಾಗುವ ಸ್ಥಿತಿ. ಲಿಟಲ್ ರಾಕ್ ಮೇಲೆ ಗುಡುಗುಮೋಡ ಮುಂದೊತ್ತಿ ಬರುತ್ತಿತ್ತು. ಮೋಡಕ್ಕಿಂತ ಮೊದಲು ತಲುಪಿಬಿಡೋಣ ಎಂಬ ಲೆಕ್ಕದಲ್ಲಿ ವಿಮಾನ ಸಾಗಿತು. ಅಡ್ಡಗಾಳಿಯ ಮಿತಿ ಎಷ್ಟು ಎಂಬ ಮಾತು ಕಾಕ್‌ಪಿಟ್‌ನಲ್ಲಿ ಬಂತು, ಇತ್ಯರ್ಥವಾಗಲಿಲ್ಲ. ಟವರಿನಿಂದ ವಿಂಡ್‌ಶಿಯರ್, ಅಂದರೆ ಗಾಳಿಯ ವೇಗ-ದಿಕ್ಕು ದಿಢೀರನೆ ಬದಲಾಗುವುದರ, ಎಚ್ಚರಿಕೆ ಬಂತು, ಇಳಿಯುವ ಯತ್ನ ನಿಲ್ಲಲಿಲ್ಲ. ರಾತ್ರಿ 11.50ರ ಹೊತ್ತಿಗೆ ಒದ್ದೆ ರನ್‌ವೇಯನ್ನು ಮುಟ್ಟಿದ ವಿಮಾನ ನಿಲ್ಲದೆ ತುದಿ ದಾಟಿ ಹೋಯಿತು. ಗಡಿಬಿಡಿಯಲ್ಲಿ, ವಿಮಾನ ನಿಲ್ಲಿಸಲು ನೆರವಾಗುವ ರೆಕ್ಕೆಯ ಮೇಲಿನ ಸ್ಪಾಯ್ಲರ್‌ಗಳನ್ನು ಸಿದ್ಧಮಾಡಿ ಇಟ್ಟಿರಲೇ ಇಲ್ಲ. ಕ್ಯಾಪ್ಟನ್ ಸೇರಿ 11 ಜನ ಸತ್ತರು. ಆ ಕ್ಯಾಪ್ಟನ್ ಎಳಸಲ್ಲ, 10,000 ಗಂಟೆಗೂ ಹೆಚ್ಚು ಹಾರಿದ್ದ ಹಿರಿಯರು. ದಣಿವು, ಹೇಗಾದರೂ ಇಳಿಯಬೇಕೆಂಬ ಒತ್ತಡ ಎರಡೂ ಅವರ ಕೆಲಸವನ್ನು ಕೆಡಿಸಿದವು ಎಂದು ತನಿಖೆ ಹೇಳಿತು. ಅನುಭವ ಹೆಚ್ಚಿದಷ್ಟೂ ಈ ಎಳೆತ ಕಡಿಮೆಯಾಗುತ್ತದೆ ಎಂದು ನಂಬುವವರು ಈ ವರದಿಯನ್ನು ಓದಬೇಕು. ಹಿಂದೆ ನೂರು ಸಲ ದಾಟಿ ಬಂದ ನೆನಪು ನೂರೊಂದನೇ ಸಲಕ್ಕೆ ಧೈರ್ಯ ತುಂಬುತ್ತದೆ, ಗಾಳಿಗೆ ಆ ನೆನಪಿಲ್ಲ.

ನಮ್ಮ ನೆರೆಯಲ್ಲೇ, ಕೋಳಿಕ್ಕೋಡಿನಲ್ಲಿ, 2020ರ ಆಗಸ್ಟ್ 7ರಂದು ನಡೆದ ದುರಂತವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಕಾಕ್‌ಪಿಟ್‌ನ ತೀರ್ಮಾನ ಕಾಕ್‌ಪಿಟ್‌ನಲ್ಲಿ ಮಾತ್ರ ಹುಟ್ಟುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ದುಬೈಯಿಂದ 190 ಜನರನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಮೊದಲು ಗಾಳಿಗೆ ಎದುರಾಗಿ 28ನೇ ರನ್‌ವೇಗೆ ಬಂದು, ಮಳೆಯಲ್ಲಿ ರನ್‌ವೇ ಕಾಣದೆ ಮೇಲೇರಿತು. ಅಲ್ಲಿಯವರೆಗೆ ಎಲ್ಲವೂ ಸರಿ. ಕ್ಯಾಪ್ಟನ್ ಕಡೆಯ ಗಾಜಿನ ವೈಪರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಎರಡನೇ ಸಲ ಎದುರು ದಿಕ್ಕಿನ 10ನೇ ರನ್‌ವೇಯನ್ನು ಆರಿಸಿಕೊಂಡರು, ಅಂದರೆ ಗಾಳಿ ಈಗ ಬೆನ್ನಿಗೆ. ಟವರ್ ಹೇಳಿದ್ದು 8 ನಾಟ್. ನೆಲ ಮುಟ್ಟುವಾಗ ಹಿಂದಿನಿಂದ ಬೀಸುತ್ತಿದ್ದದ್ದು ಸುಮಾರು 14 ನಾಟ್. ಸುಮಾರು 2,700 ಮೀಟರ್ ಉದ್ದದ ಒದ್ದೆ ರನ್‌ವೇಯಲ್ಲಿ ಅರ್ಧ ಕಳೆದ ಮೇಲೆ ಚಕ್ರ ತಾಗಿತು. ಕೋ-ಪೈಲಟ್ ಗೋ-ಅರೌಂಡ್, ಅಂದರೆ ಇಳಿಯದೆ ಮೇಲೇರಿ, ಎಂದರು, ವಿಮಾನ ಮೇಲೇರಲಿಲ್ಲ. ಗುಡ್ಡದ ನೆತ್ತಿಯ ಆ ರನ್‌ವೇಯ ತುದಿಯಿಂದ ಕೆಳಕ್ಕೆ ಬಿದ್ದು ಒಡೆಯಿತು, ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಪ್ರಾಣ ಕಳೆದುಕೊಂಡರು. ತನಿಖಾ ಸಂಸ್ಥೆ ಎಎಐಬಿ ಮೂಲ ಕಾರಣವನ್ನು ಕಾಕ್‌ಪಿಟ್‌ನಲ್ಲೇ ಗುರುತಿಸಿತು. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಸಂಗತಿಯನ್ನೂ ಬರೆಯಿತು: ಮರುದಿನ ಬೆಳಿಗ್ಗೆ ಕೋಳಿಕ್ಕೋಡಿನಿಂದ ಹೊರಡುವ ಹಾರಾಟಕ್ಕೆ ಅದೇ ಕ್ಯಾಪ್ಟನ್ ನಿಗದಿಯಾಗಿದ್ದರು, ಅಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ, ಹಾಗಾಗಿ ಅಲ್ಲೇ ಇಳಿಯಬೇಕೆಂಬ ತುಡಿತ ಬೆಳೆಯಿತು. ಡ್ಯೂಟಿ ಪಟ್ಟಿ ಬರೆಯುವ ಕೋಣೆಯಲ್ಲಿ ಗಾಳಿ ಬೀಸುವುದಿಲ್ಲ. ಆದರೂ ಗಾಳಿಯ ಎದುರಿನ ತೀರ್ಮಾನದ ಒಂದು ಭಾಗ ಅಲ್ಲೇ ಬರೆಯಲ್ಪಡುತ್ತದೆ.

ಈ ವಾದಕ್ಕೆ ಬರುವ ಅತ್ಯಂತ ಗಟ್ಟಿ ಆಕ್ಷೇಪ ಪೈಲಟ್‌ಗಳಿಂದಲೇ ಬರುತ್ತದೆ. ಇಳಿಯದೆ ಮೇಲೇರುವುದೇನು ಅಪಾಯವಿಲ್ಲದ ಕೆಲಸವೇ? ಅಲ್ಲ, ಖಂಡಿತ ಅಲ್ಲ. ಎಂಜಿನ್ ಪೂರ್ತಿ ಶಕ್ತಿಗೆ ಏರುತ್ತದೆ, ಮೂತಿ ಮೇಲಕ್ಕೆ ಹೋಗುತ್ತದೆ, ಚಕ್ರ ಮಡಚಬೇಕು, ಫ್ಲ್ಯಾಪ್ ತಗ್ಗಿಸಬೇಕು, ಹೊಸ ದಾರಿ ಹಿಡಿಯಬೇಕು, ಎಲ್ಲವೂ ಕೆಲವೇ ಸೆಕೆಂಡುಗಳಲ್ಲಿ. 2016ರ ಮಾರ್ಚ್ 19ರಂದು ರಷ್ಯಾದ ರೊಸ್ತೊವ್ ನಿಲ್ದಾಣದಲ್ಲಿ ಫ್ಲೈದುಬೈ ವಿಮಾನ ಬಿದ್ದದ್ದು ಜೋರು ಗಾಳಿಯಲ್ಲಿ ಎರಡನೇ ಸಲ ಮೇಲೇರುವಾಗ. ಕತ್ತಲಲ್ಲಿ ದೇಹದ ಸಮತೋಲನದ ಅರಿವು ಮೋಸ ಮಾಡಿತು, 62 ಜನ ಸತ್ತರು. ಜಾಗತಿಕವಾಗಿ ನೋಡಿದರೂ ಹತ್ತು ಗೋ-ಅರೌಂಡ್‌ಗಳಲ್ಲಿ ಒಂದರಲ್ಲಿ ಅಪಾಯಕ್ಕೆ ದಾರಿಯಾಗಬಹುದಾದ ಎಡವಟ್ಟು ಆಗುತ್ತದೆ ಎಂದು ಫ್ಲೈಟ್ ಸೇಫ್ಟಿ ಫೌಂಡೇಶನ್‌ನ ಅಧ್ಯಯನ ಹೇಳಿದೆ. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿದೆ: ಇಳಿಯುವ ಹಾದಿ ಸ್ಥಿರವಾಗಿಲ್ಲ, ನಿಯಮದಂತೆ ಮೇಲೇರಲೇಬೇಕು ಎಂಬ ಸಂದರ್ಭಗಳಲ್ಲಿ ನಿಜಕ್ಕೂ ಮೇಲೇರುವವರು ನೂರಕ್ಕೆ ಮೂವರು ಮಾತ್ರ. ನೂರಕ್ಕೆ 97 ಸಲ ತಪ್ಪಿಸುವ ಕೆಲಸದಲ್ಲಿ ಕೈ ಹೇಗೆ ಪಳಗೀತು? ಗೋ-ಅರೌಂಡ್ ಅಪಾಯಕಾರಿ ಎಂಬುದು ಅದನ್ನು ಮಾಡದಿರಲು ಕಾರಣವಾಗಲಾರದು, ಸಿಮ್ಯುಲೇಟರ್‌ನಲ್ಲಿ ಹೆಚ್ಚು ಅಭ್ಯಾಸ ಮಾಡಿಸಲು ಕಾರಣವಾಗಬೇಕು. ರೊಸ್ತೊವ್‌ನ ರಾತ್ರಿ ಇನ್ನೊಂದು ಮಾತನ್ನೂ ಹೇಳುತ್ತದೆ. ಫ್ಲೈದುಬೈ ವಿಮಾನ ಮೊದಲ ಯತ್ನ ಬಿಟ್ಟ ಮೇಲೆ ಸುಮಾರು ಎರಡು ಗಂಟೆ ಅದೇ ಊರಿನ ಮೇಲೆ ಸುತ್ತುತ್ತಿತ್ತು. ಅದೇ ರಾತ್ರಿ ಅಲ್ಲಿಗೆ ಬಂದ ಏರೋಫ್ಲೋಟ್‌ನ ವಿಮಾನವೂ ಇಳಿಯಲು ಯತ್ನಿಸಿ ಸೋತಿತ್ತು, ಅದರ ಪೈಲಟ್‌ಗಳು ಕ್ರಾಸ್ನೊದಾರ್‌ಗೆ ತಿರುಗಿ ಸುಖವಾಗಿ ಇಳಿದರು. ಮೇಲೇರುವುದು ಅರ್ಧ ತೀರ್ಮಾನ. ಆ ಗಾಳಿಯನ್ನು ಬಿಟ್ಟು ಬೇರೆ ಊರಿಗೆ ಹೋಗುವುದರಲ್ಲಿ ಅದು ಪೂರ್ತಿಯಾಗುತ್ತದೆ.

ಇನ್ನು ಕೆಲವರು ಯಂತ್ರದ ಕಡೆ ಕೈ ತೋರಿಸುತ್ತಾರೆ. ರೇಡಾರ್ ಬಂತು, ವಿಮಾನದಲ್ಲೇ ವಿಂಡ್‌ಶಿಯರ್ ಎಚ್ಚರಿಕೆ ಬಂತು, ತಾನಾಗಿ ಇಳಿಯುವ ವ್ಯವಸ್ಥೆ ಬಂತು, ಇನ್ನು ಮನುಷ್ಯನ ತೀರ್ಮಾನದ ಮಾತೇಕೆ ಎನ್ನುತ್ತಾರೆ. ಯಂತ್ರಗಳ ಉಪಕಾರ ದೊಡ್ಡದು, ಅದನ್ನು ಮರೆಯಬಾರದು. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ ವಿಮಾನ ಮೈಕ್ರೋಬರ್ಸ್ಟ್‌ಗೆ ಸಿಕ್ಕಿ 130ಕ್ಕೂ ಹೆಚ್ಚು ಜನ ಸತ್ತ ಮೇಲೆ ಅಮೆರಿಕ ನಿಲ್ದಾಣಗಳಲ್ಲಿ ಡಾಪ್ಲರ್ ರೇಡಾರ್ ಕೂರಿಸಿತು, ವಿಮಾನಗಳಲ್ಲಿ ಎಚ್ಚರಿಕೆಯ ಸಾಧನ ಕಡ್ಡಾಯ ಮಾಡಿತು. ಇಂಥ ಅಪಘಾತಗಳು ಆಮೇಲೆ ತೀರಾ ಅಪರೂಪವಾದವು. ಆದರೆ ಅಲ್ಲಿ ಯಂತ್ರ ಮಾಡಿದ್ದೇನು? ಮುಂದೆ ಅಪಾಯವಿದೆ, ಮೇಲೇರು ಎಂದು ಕೂಗಿ ಹೇಳಿತು. ಮೇಲೇರಿದವರು ಮನುಷ್ಯರು. ಲಿಟಲ್ ರಾಕ್‌ನಲ್ಲೂ ಎಚ್ಚರಿಕೆ ಬಂದಿತ್ತು ಎಂಬುದನ್ನು ಮರೆಯುವಂತಿಲ್ಲ. ತಾನಾಗಿ ಇಳಿಯುವ ವ್ಯವಸ್ಥೆಯಂತೂ ಮಂಜಿಗಾಗಿ ಹುಟ್ಟಿದ್ದು, ಗಾಳಿಗಾಗಿ ಅಲ್ಲ. ಎ320 ತಾನಾಗಿ ಇಳಿಯಬೇಕಾದರೆ ಅಡ್ಡಗಾಳಿ 20 ನಾಟ್ ಮೀರಬಾರದು. ಅದಕ್ಕಿಂತ ಜೋರಾದರೆ ಮನುಷ್ಯನ ಕೈಯೇ ಬೇಕು. ಗಾಳಿ ಹೆಚ್ಚಾದಂತೆ ಯಂತ್ರ ಹಿಂದೆ ಸರಿಯುತ್ತದೆ, ಹೊಣೆ ಕ್ಯಾಪ್ಟನ್ ಹೆಗಲಿಗೆ ಬರುತ್ತದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಎರಡನೇ ಅನುಬಂಧ ವಿಮಾನದ ಬಗೆಗಿನ ಕೊನೆಯ ಮಾತು ಕ್ಯಾಪ್ಟನ್‌ರದೇ ಎಂದು ಹೇಳಿರುವುದು ಬರಿಯ ಗೌರವಕ್ಕಲ್ಲ.

ಕೊನೆಯ ಆಕ್ಷೇಪ ವ್ಯವಹಾರದ್ದು. ಗಾಳಿ ಬಂದಾಗಲೆಲ್ಲ ಕ್ಯಾಪ್ಟನ್‌ಗಳು ತಿರುಗಿ ಹೋಗುತ್ತಿದ್ದರೆ ವಿಮಾನಯಾನ ನಡೆಯುವುದಾದರೂ ಹೇಗೆ? ಬೇರೆ ಊರಿಗೆ ತಿರುಗಿದ ಒಂದು ವಿಮಾನದಿಂದ ಇಂಧನ, ನಿಲುಗಡೆ ಶುಲ್ಕ, ತಪ್ಪಿಹೋದ ಕನೆಕ್ಷನ್, ಕೆಲಸದ ಅವಧಿ ಮುಗಿದ ಸಿಬ್ಬಂದಿ, ರದ್ದಾದ ಮುಂದಿನ ಹಾರಾಟ ಎಲ್ಲ ಸೇರಿ ದೊಡ್ಡ ನಷ್ಟವಾಗುತ್ತದೆ. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು, ಪರೀಕ್ಷೆಗೆ ಹೊರಟವರು ನಡುದಾರಿಯಲ್ಲಿ ಸಿಕ್ಕಿಬೀಳುತ್ತಾರೆ. ಅವರ ಸಂಕಟ ಸುಳ್ಳಲ್ಲ. ನಾನು ಕೇಳುತ್ತಿರುವುದು ಗಾಳಿಗೆ ಹೆದರಿ ಹಾರುವುದನ್ನು ಬಿಡಿ ಎಂದಲ್ಲ. ಮುಂಗಾರಿನಲ್ಲಿ ನಮ್ಮ ಕರಾವಳಿಯಲ್ಲಿ, ಚಳಿಗಾಲದ ಬಿರುಗಾಳಿಯಲ್ಲಿ ಯುರೋಪಿನಲ್ಲಿ ಎಷ್ಟೋ ವಿಮಾನಗಳು ಅಡ್ಡಗಾಳಿಯಲ್ಲಿ ಸುರಕ್ಷಿತವಾಗಿ ಇಳಿಯುತ್ತವೆ. ಆ ಕೈಚಳಕ ಬೇಕೇ ಬೇಕು. ಆದರೆ ತಿರುಗಿ ಹೋಗುವ ಬಾಗಿಲು ಸದಾ ತೆರೆದಿದ್ದಾಗ ಮಾತ್ರ ಇಳಿಯುವ ಯತ್ನ ಸುರಕ್ಷಿತ. ಇಳಿಯಲೇಬೇಕು ಎಂಬ ಸ್ಥಿತಿಯಲ್ಲಿ ಬಂದವರಿಗೂ, ಆಗದಿದ್ದರೆ ಹೋಗುತ್ತೇನೆ ಎಂದು ಬಂದವರಿಗೂ ಗಾಳಿ ಒಂದೇ ಇರಬಹುದು, ಅಪಾಯ ಒಂದೇ ಅಲ್ಲ. ಡೈವರ್ಶನ್ ನಷ್ಟವನ್ನು ಲೆಕ್ಕ ಹಾಕುವವರು ಕೋಳಿಕ್ಕೋಡಿನ ನಷ್ಟವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು.

ಹಾಗಾದರೆ ನೆಲದ ಮೇಲಿರುವವರು ಮಾಡಬೇಕಾದದ್ದೇನು? ಮೊದಲನೆಯದು ಇಂಧನ. ದಾರಿಯ ಇಂಧನ, ಪರ್ಯಾಯ ನಿಲ್ದಾಣಕ್ಕೆ ಬೇಕಾದ ಇಂಧನ, ಕೊನೆಗೆ ಮುಟ್ಟಬಾರದ 30 ನಿಮಿಷದ ಮೀಸಲು, ಇಷ್ಟು ನಿಯಮದಲ್ಲೇ ಇದೆ. ಅದರ ಮೇಲೆ ಕ್ಯಾಪ್ಟನ್ ಇನ್ನೊಂದಿಷ್ಟು ಕೇಳಿದರೆ ಅದನ್ನು ಹೊತ್ತೊಯ್ಯಲೂ ಇಂಧನ ಖರ್ಚಾಗುತ್ತದೆ ಎಂದು ಲೆಕ್ಕದವರು ಮುಖ ಸಿಂಡರಿಸುವುದುಂಟು. ಗುಡುಗುಮೋಡದ ಸಂಜೆ ಆ ಇಂಧನವೇ ಯೋಚಿಸಲು ಸಿಗುವ ಸಮಯ, ಬೇಡ ಎನ್ನಲು ಸಿಗುವ ಬಲ. ಎರಡನೆಯದು ಡ್ಯೂಟಿ ಪಟ್ಟಿ. ಇವರು ಈ ರಾತ್ರಿ ಇಲ್ಲಿಗೆ ಬಾರದಿದ್ದರೆ ನಾಳೆಯ ಹಾರಾಟ ನಿಲ್ಲುತ್ತದೆ ಎಂಬಷ್ಟು ಬಿಗಿಯಾಗಿ ಪಟ್ಟಿ ಹೆಣೆಯಬಾರದು. ಮೂರನೆಯದು ಕೋ-ಪೈಲಟ್‌ನ ದನಿ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ವಿಮಾನ ಅಪಘಾತವಾಗಿ 158 ಜನ ಸತ್ತಾಗ ಗಾಳಿಯ ಪಾತ್ರವಿರಲಿಲ್ಲ, ಗಾಳಿ ಶಾಂತವಾಗಿತ್ತು. ಕೋ-ಪೈಲಟ್ ಒಂದಕ್ಕಿಂತ ಹೆಚ್ಚು ಸಲ ಗೋ-ಅರೌಂಡ್ ಎಂದದ್ದು ದಾಖಲಾಗಿದೆ, ವಿಮಾನ ಇಳಿಯುತ್ತಲೇ ಹೋಯಿತು. ಹತ್ತು ವರ್ಷದ ನಂತರ ಕೋಳಿಕ್ಕೋಡಿನಲ್ಲಿ ಅದೇ ಕೂಗು, ಅದೇ ಫಲ. ಇಬ್ಬರಲ್ಲಿ ಯಾರೇ ಬೇಡ ಎಂದರೂ ವಿಮಾನ ಮೇಲೇರಬೇಕು, ಚರ್ಚೆ ಆಮೇಲೆ, ಎಂಬ ನಿಯಮ ಪುಸ್ತಕದಿಂದ ಹೊರಬಂದು ಅಭ್ಯಾಸವಾಗಬೇಕು. ಮೇಲೇರಿದ್ದಕ್ಕೆ ವಿವರಣೆ ಕೇಳುವ, ಕಾರಣ ಬರೆಸುವ ಕಚೇರಿಯಲ್ಲಿ ಆ ಅಭ್ಯಾಸ ಬೆಳೆಯುವುದಿಲ್ಲ.

ನಾಲ್ಕನೆಯದು ನಮ್ಮ ಮೆಚ್ಚುಗೆ ಯಾವ ಕಡೆ ಹೋಗುತ್ತದೆ ಎಂಬುದು. 2022ರ ಫೆಬ್ರವರಿಯಲ್ಲಿ ಯುನಿಸ್ ಬಿರುಗಾಳಿ ಲಂಡನ್ನಿನ ಹೀಥ್ರೋ ಮೇಲೆ ಬೀಸಿದಾಗ ವಿಮಾನಗಳು ಓಲಾಡುತ್ತ ಇಳಿಯುವುದನ್ನು ಎರಡು ಲಕ್ಷಕ್ಕೂ ಹೆಚ್ಚು ಜನ ನೇರಪ್ರಸಾರದಲ್ಲಿ ಒಟ್ಟಿಗೆ ಕುಳಿತು ನೋಡಿದರು. ಚಕ್ರ ನೆಲ ಹಿಡಿದಾಗ ಜಯಘೋಷ ಏಳುವುದು ಸಹಜ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತದ ದಿನ ಚೆನ್ನೈನಲ್ಲಿ ಇಂಡಿಗೊ ವಿಮಾನವೊಂದು ರನ್‌ವೇ ಮುಟ್ಟುವಷ್ಟು ಕೆಳಗೆ ಬಂದು, ವಾಲಾಡಿ, ಇಳಿಯದೆ ಮೇಲೇರಿ ಹೋಯಿತು. ಆ ವಿಡಿಯೊ ನೋಡಿ ಎದೆ ಝಲ್ಲೆಂದಿತು ಎಂದವರೇ ಹೆಚ್ಚು. ಪೈಲಟ್‌ಗಳು ಕ್ರಮದಂತೆ ಗೋ-ಅರೌಂಡ್ ಮಾಡಿದರು ಎಂದು ಕಂಪನಿ ಹೇಳಿತು, ಆ ಮಾತನ್ನು ಸಾರ್ವಜನಿಕವಾಗಿ ಹೇಳಿದ್ದು ಒಳ್ಳೆಯದಾಯಿತು. ಅಲ್ಲಿ ಕೆಲಸ ಕೆಟ್ಟಿರಲಿಲ್ಲ. ಆ ಕೊನೆಯ ಹಂತದಲ್ಲಿ ಮಾಡಲೇಬೇಕಾಗಿದ್ದ ಕೆಲಸ ಆಗಿತ್ತು. ಹವಾಮಾನ ಕಚೇರಿಯಿಂದ ನಾನು ಕಂಡ ಗಾಳಿ ಯಾರ ಪರವಾಗಿಯೂ ಪಕ್ಷಪಾತ ತೋರಲಿಲ್ಲ: ಹಿರಿಯರು ಎಂದು ಬಿಡಲಿಲ್ಲ, ತಡವಾಗಿದೆ ಎಂದು ಕನಿಕರಿಸಲಿಲ್ಲ. ಬದಲಾಗಬಲ್ಲವರು ನಾವು ಮಾತ್ರ. ಬೆಂಗಳೂರಿನ ಬದಲು ಚೆನ್ನೈನಲ್ಲಿ ಇಳಿಯುತ್ತಿದ್ದೇವೆ ಎಂದು ಕ್ಯಾಪ್ಟನ್ ಧ್ವನಿವರ್ಧಕದಲ್ಲಿ ಹೇಳಿದಾಗ ಬಾಗಿಲ ಬಳಿ ಸಿಬ್ಬಂದಿಯ ಮೇಲೆ ಕೂಗಾಡುವುದು ಸುಲಭ. ಕೂಗಾಟದ ದೂರುಗಳು ಕಂಪನಿಗೆ ತಲುಪುತ್ತವೆ, ಕಂಪನಿಯ ಅಸಮಾಧಾನ ಮುಂದಿನ ಕ್ಯಾಪ್ಟನ್‌ಗೆ ತಲುಪುತ್ತದೆ, ಮುಂದಿನ ಗಾಳಿಯಲ್ಲಿ ಅವರ ಕೈ ಒಂದು ಗಳಿಗೆ ತಡವರಿಸುತ್ತದೆ. ಅದರ ಬದಲು ಇಳಿದು ಹೋಗುವಾಗ ಆ ತೀರ್ಮಾನಕ್ಕೆ ಒಂದು ಕೃತಜ್ಞತೆಯ ಮಾತು ಹೇಳಿದರೆ ಅದೂ ಅದೇ ದಾರಿಯಲ್ಲಿ ಮುಂದಿನ ಕ್ಯಾಪ್ಟನ್‌ವರೆಗೆ ಹೋಗುತ್ತದೆ. ನಾವು ಟಿಕೆಟ್ಟಿಗೆ ಕೊಡುವ ಹಣದಲ್ಲಿ ಊರು ತಲುಪಿಸುವ ಕೂಲಿಯ ಜೊತೆಗೆ, ತಲುಪಿಸಬಾರದ ಹೊತ್ತಿನಲ್ಲಿ ತಲುಪಿಸದಿರುವ ಕೂಲಿಯೂ ಸೇರಿದೆ. ಆ ಎರಡನೆಯ ಸೇವೆಯನ್ನು ಸೇವೆ ಎಂದೇ ಒಪ್ಪಿಕೊಳ್ಳುವ ಪ್ರಯಾಣಿಕರು ಇರುವಷ್ಟು ದಿನ, ಇಳಿಯದೆ ಮರಳುವ ಕ್ಯಾಪ್ಟನ್‌ಗಳೂ ಇರುತ್ತಾರೆ.